ಹಳೆ ಗೇಮ್ ಹೊಸ ವಿಂಡೋಸ್‌ನಲ್ಲಿ ಓಡ್ತಿಲ್ವಾ? ಎಲ್ಲಿ ನಿಂತಿದೆ ಅಂತ ಮೊದಲು ನೋಡಿ

ಹಳೆ ಗೇಮ್ ಮೇಲೆ ಡಬಲ್ ಕ್ಲಿಕ್ ಮಾಡುತ್ತೀರಿ, ಏನೂ ಆಗುವುದಿಲ್ಲ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ ಟ್ಯಾಬ್, ಅಲ್ಲಿರುವ ಚೌಕಗಳಿಗೆಲ್ಲ ಟಿಕ್. ಅದಕ್ಕೂ ಬಗ್ಗದಿದ್ದರೆ ನೆಟ್‌ನಲ್ಲಿ ಸಿಕ್ಕ ಡಿಎಲ್‌ಎಲ್ (ಪ್ರೋಗ್ರಾಂಗಳು ಓಡಲು ಬಳಸುವ ಸಹಾಯಕ ಕೋಡ್) ಫೈಲ್‌ಗಳನ್ನೆಲ್ಲ ತಂದು ಗೇಮ್ ಫೋಲ್ಡರಿಗೆ ಸುರಿಯುವುದು. ಹೀಗೆ ಮಾಡಿದಾಗಲೂ ಕೆಲವೊಮ್ಮೆ ಗೇಮ್ ಓಡಿಬಿಡುತ್ತದೆ, ನಿಜ. ಆದರೆ ಯಾವುದರಿಂದ ಓಡಿತು ಅಂತ ಗೊತ್ತಿರಲ್ಲ, ಹಾಗಾಗಿ ಮುಂದಿನ ಗೇಮ್‌ಗೆ ಮತ್ತೆ ಮೊದಲಿನಿಂದ ಪರದಾಟ.

ಗೇಮ್ ಎಲ್ಲಿ ನಿಲ್ಲುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಇನ್‌ಸ್ಟಾಲ್ ಆಗುವಾಗ ನಿಂತಿತಾ, ಶುರುವಾಗುವ ಮೊದಲೇ ಸತ್ತಿತಾ, ಕಪ್ಪು ಪರದೆ ಬಂದು ಕೂತಿತಾ, ಮೆನು ಚೆನ್ನಾಗಿ ಬಂದು ಆಟಕ್ಕೆ ಹೋದ ಮೇಲೆ ಬಿತ್ತಾ? ಒಂದೊಂದಕ್ಕೂ ಕಾರಣ ಬೇರೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಉಪಯೋಗ ಆಗದಿದ್ದರೆ ಅದನ್ನು ವಾಪಸ್ ಮೊದಲಿನಂತೆ ಮಾಡಿ, ಆಮೇಲೆ ಮುಂದಿನದಕ್ಕೆ ಹೋಗಿ. ನಿಧಾನ ಅನಿಸುತ್ತದೆ, ಆದರೆ ಕೊನೆಗೆ ಇದೇ ಬೇಗ.

ಮೊದಲು: ಫೈಲ್ ಯಾವ ಕಾಲದ್ದು?

ಗೇಮ್‌ನ ಇಎಕ್ಸ್‌ಇ ಫೈಲನ್ನು (ಗೇಮ್ ಶುರು ಮಾಡುವ, ಹೆಸರಿನ ಕೊನೆಗೆ .exe ಇರುವ ಫೈಲ್) ಬೇರೆ ಕಡೆ ಕಾಪಿ ಮಾಡಿ, ಆ ಕಾಪಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಕಸದಂಥ ಅಕ್ಷರಗಳು ತುಂಬಿರುತ್ತವೆ, ಹೆದರಬೇಡಿ. ಮೊದಲ ಎರಡು ಅಕ್ಷರ ಎಂ ಮತ್ತು ಜೆಡ್. ಸ್ವಲ್ಪ ಮುಂದೆ, ಈ ಪ್ರೋಗ್ರಾಂ ಡಾಸ್‌ನಲ್ಲಿ (ವಿಂಡೋಸ್‌ಗೂ ಮೊದಲಿನ ಆಪರೇಟಿಂಗ್ ಸಿಸ್ಟಂ) ಓಡುವುದಿಲ್ಲ ಅಂತ ಇಂಗ್ಲಿಷ್‌ನಲ್ಲಿ ಒಂದು ಸಾಲು ಕಾಣಬಹುದು. ಅದರ ನಂತರ ಪಿ, ಇ ಅನ್ನುವ ಎರಡು ದೊಡ್ಡ ಅಕ್ಷರ ಒಟ್ಟಿಗೆ ಸಿಕ್ಕರೆ ಅದು ವಿಂಡೋಸ್ 95 ಕಾಲದ್ದು ಅಥವಾ ಆಮೇಲಿನದು, ಹಳೆ ಗೇಮ್ ಆದರೆ ಹೆಚ್ಚೂ ಕಡಿಮೆ 32 ಬಿಟ್ (ಪ್ರೊಸೆಸರ್ ಒಂದು ಸಲಕ್ಕೆ ಹಿಡಿಯುವ ಸಂಖ್ಯೆಯ ಅಳತೆ ಇದು, ಮೊದಲು 16, ಆಮೇಲೆ 32, ಈಗ 64). ಅಲ್ಲಿ ಪಿಇ ಬದಲು ಎನ್, ಇ ಇದ್ದರೆ ವಿಂಡೋಸ್ 3.1 ಕಾಲದ 16 ಬಿಟ್ ಪ್ರೋಗ್ರಾಂ. ಎರಡೂ ಇಲ್ಲದೆ ಒಳಗೆಲ್ಲೋ 'ಡಾಸ್/4ಜಿಡಬ್ಲ್ಯು' ಅನ್ನುವ ಪದ ಕಂಡರೆ ಅದು ಖಂಡಿತ ಡಾಸ್ ಗೇಮ್. ನೋಡಿ ಮುಗಿಸಿದ ಮೇಲೆ ಸೇವ್ ಮಾಡದೆ ಮುಚ್ಚಿ. ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡಿದರೆ ಫೈಲ್ ಕೆಡುತ್ತದೆ, ಅದಕ್ಕೇ ಕಾಪಿ ಮಾಡಿ ತೆರೆಯಲು ಹೇಳಿದ್ದು.

ಇಷ್ಟು ಗೊತ್ತಾದರೆ ಮುಂದೆ ಯಾವ ದಾರಿ ಹಿಡಿಯಬೇಕು ಅಂತ ತಿಳಿಯುತ್ತದೆ. ಈ ಮೂರಕ್ಕೂ ಮದ್ದು ಬೇರೆ ಬೇರೆ.

ಡಾಸ್ ಗೇಮ್ ಆದರೆ

64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಪ್ರೋಗ್ರಾಂ ಓಡಿಸುವ ಭಾಗವೇ ಇಲ್ಲ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಹಾಗಾಗಿ ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ ಅಂತ ಮೆಸೇಜ್ ಬಂದರೆ ಕಂಪ್ಯಾಟಿಬಿಲಿಟಿ ಟ್ಯಾಬ್ ಜೊತೆ ಗುದ್ದಾಡಿ ಪ್ರಯೋಜನ ಇಲ್ಲ. ಡಾಸ್‌ಬಾಕ್ಸ್ ಹಾಕಿ. 2002ರಿಂದ ಇರುವ ಎಮ್ಯುಲೇಟರ್ ಇದು, ಅಂದರೆ ಹಳೆ ಡಾಸ್ ಪಿಸಿಯಂತೆ ನಟಿಸುವ ಪ್ರೋಗ್ರಾಂ. ಈಗ ಡಾಸ್‌ಬಾಕ್ಸ್ ಸ್ಟೇಜಿಂಗ್, ಡಾಸ್‌ಬಾಕ್ಸ್-ಎಕ್ಸ್ ಅಂತ ಅದರ ಕವಲುಗಳೂ ಇವೆ. ಹೊಸದಾಗಿ ಶುರು ಮಾಡುವವರಿಗೆ ನಾನು ಸ್ಟೇಜಿಂಗ್ ಹೇಳುತ್ತೇನೆ.

ಡಾಸ್‌ಬಾಕ್ಸ್‌ನಲ್ಲಿ ಜನ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಎರಡು ಕಡೆ. ಒಂದು ವೇಗ. ಆ ಕಾಲದ ಹಲವು ಗೇಮ್‌ಗಳು ಗಡಿಯಾರ ನೋಡುತ್ತಲೇ ಇರಲಿಲ್ಲ, ಪ್ರೊಸೆಸರ್ ಎಷ್ಟು ಬೇಗ ಓಡುತ್ತದೋ ಅಷ್ಟೇ ಬೇಗ ಆಟವೂ ಓಡುತ್ತಿತ್ತು. ಡಾಸ್‌ಬಾಕ್ಸ್‌ನ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲ್‌ನಲ್ಲಿ ಸೈಕಲ್ಸ್ ಅನ್ನುವ ಸಂಖ್ಯೆ ಇದೆಯಲ್ಲ, ಅದೇ ಇದರ ಕೀಲಿ. 80ರ ದಶಕದ ಗೇಮ್‌ಗೆ 3000ದಿಂದ ಶುರು ಮಾಡಿ. ಆಟ ನಡೆಯುವಾಗಲೇ ಕಂಟ್ರೋಲ್ ಜೊತೆ ಎಫ್12 ಒತ್ತಿದರೆ ವೇಗ ಏರುತ್ತದೆ, ಎಫ್11 ಒತ್ತಿದರೆ ಇಳಿಯುತ್ತದೆ. ಸರಿ ಅನಿಸಿದ ಕಡೆ ನಿಲ್ಲಿಸಿ, ಆ ಸಂಖ್ಯೆಯನ್ನು ಕಾನ್ಫಿಗ್‌ಗೆ ಬರೆದಿಡಿ. ಶುರುವಾಗುತ್ತಿದ್ದಂತೆ 'ರನ್‌ಟೈಮ್ ಎರರ್ 200' ಅಂತ ಬಂದು ನಿಂತರೆ ಅದೂ ವೇಗದ್ದೇ ಕಾಯಿಲೆ. ಟರ್ಬೊ ಪಾಸ್ಕಲ್ ಅನ್ನುವ ಭಾಷೆಯಲ್ಲಿ ಬರೆದ ಹಲವು ಪ್ರೋಗ್ರಾಂಗಳು ಶುರುವಿನಲ್ಲೇ ಪ್ರೊಸೆಸರ್ ವೇಗ ಅಳೆಯಲು ಒಂದು ಭಾಗಾಕಾರ ಮಾಡುತ್ತವೆ, ಪ್ರೊಸೆಸರ್ ತುಂಬಾ ಚುರುಕಾದರೆ ಆ ಲೆಕ್ಕ ಕೆಟ್ಟು ಪ್ರೋಗ್ರಾಂ ಬೀಳುತ್ತದೆ. ಸೈಕಲ್ಸ್ ಇಳಿಸಿ ಶುರು ಮಾಡಿ, ಒಳಗೆ ಹೋದ ಮೇಲೆ ಏರಿಸಿ.

ಇನ್ನೊಂದು ಸೌಂಡ್. ಗೇಮ್ ಜೊತೆ ಬರುವ ಸೆಟಪ್ ಪ್ರೋಗ್ರಾಂನಲ್ಲಿ ಸೌಂಡ್ ಬ್ಲಾಸ್ಟರ್ (ಆ ಕಾಲದ ಸೌಂಡ್ ಕಾರ್ಡ್) ಆರಿಸಿ, ಪೋರ್ಟ್ 220, ಐಆರ್‌ಕ್ಯೂ 7, ಡಿಎಂಎ 1 ಕೊಡಿ. ಡಾಸ್‌ಬಾಕ್ಸ್ ಡಿಫಾಲ್ಟ್ ಆಗಿ ಇಟ್ಟುಕೊಳ್ಳುವುದು ಇದನ್ನೇ. ಹಲವು ಗೇಮ್‌ಗಳ ಸೆಟಪ್ ಐಆರ್‌ಕ್ಯೂ 5 ಅಂತ ತಾನೇ ಹಾಕಿಕೊಂಡಿರುತ್ತದೆ. ಸಂಗೀತ ಬಂದು ಮಾತು, ಗುಂಡಿನ ಸದ್ದು ಬರದಿದ್ದರೆ ಮೊದಲು ನೋಡಬೇಕಾದ್ದು ಇದೇ.

ವಿಂಡೋಸ್ 3.1 ಗೇಮ್ ಆದರೆ ಡಾಸ್‌ಬಾಕ್ಸ್ ಒಳಗೇ ವಿಂಡೋಸ್ 3.1 ಹಾಕಿ ಓಡಿಸಬಹುದು. ಸಣ್ಣಪುಟ್ಟ ಗೇಮ್‌ಗಳಿಗೆ ವೈನ್‌ವಿಡಿಎಂ ಅನ್ನುವ ಟೂಲ್ ಸಾಕು, ಅದು 16 ಬಿಟ್ ವಿಂಡೋಸ್ ಪ್ರೋಗ್ರಾಂಗಳನ್ನು 64 ಬಿಟ್ ವಿಂಡೋಸ್ ಮೇಲೇ ಓಡಿಸುತ್ತದೆ.

ಇನ್‌ಸ್ಟಾಲ್ ಆಗುವಾಗಲೇ ನಿಂತರೆ

ಇಲ್ಲಿ ಒಂದು ಮೋಸ ಇದೆ. ಗೇಮ್ 32 ಬಿಟ್, ಅದನ್ನು ಇನ್‌ಸ್ಟಾಲ್ ಮಾಡುವ ಸೆಟಪ್ ಮಾತ್ರ 16 ಬಿಟ್! 90ರ ದಶಕದ ಕೊನೆಯವರೆಗೂ ಇದು ಮಾಮೂಲಿ. ಇನ್‌ಸ್ಟಾಲ್‌ಶೀಲ್ಡ್‌ನ ಕೆಲವು ಹಳೆ ಸೆಟಪ್‌ಗಳನ್ನು 64 ಬಿಟ್ ವಿಂಡೋಸ್ ತಾನೇ ಗುರುತು ಹಿಡಿದು 32 ಬಿಟ್ ಎಂಜಿನ್‌ಗೆ ಬದಲಿಸಿಕೊಳ್ಳುತ್ತದೆ, ಎಲ್ಲವನ್ನೂ ಅಲ್ಲ. ಸೆಟಪ್ ಓಡದಿದ್ದರೆ ಗೇಮೇ ಓಡಲ್ಲ ಅಂದುಕೊಂಡು ಕೈಬಿಡಬೇಡಿ. ಸಿಡಿಯೊಳಗಿನ ಮುಖ್ಯ ಇಎಕ್ಸ್‌ಇಯನ್ನು ನೋಟ್‌ಪ್ಯಾಡ್‌ನಲ್ಲಿ ನೋಡಿ. ಅದು ಪಿಇ ಆಗಿದ್ದರೆ ಆಸೆ ಇದೆ. ಫೈಲ್‌ಗಳು ಬಿಡಿಬಿಡಿಯಾಗಿದ್ದರೆ ಸುಮ್ನೆ ಕಾಪಿ ಮಾಡಿಕೊಂಡರೂ ಸಾಕಾಗಬಹುದು, ಇಲ್ಲದಿದ್ದರೆ ಸೆಟಪ್ ಒಂದನ್ನು ಮಾತ್ರ ವೈನ್‌ವಿಡಿಎಂನಲ್ಲಿ ಓಡಿಸಿ.

ಇನ್ನೊಂದು, ಡಿಸ್ಕ್‌ನಲ್ಲಿ ಜಾಗ ಇಲ್ಲ ಅನ್ನುವ ತಕರಾರು. ನೂರಾರು ಜಿಬಿ ಖಾಲಿ ಇರುತ್ತದೆ, ಗೇಮ್‌ಗೆ ಬೇಕಾದ್ದು 300 ಎಂಬಿ, ಆದರೂ ಜಾಗ ಸಾಲದು ಅನ್ನುತ್ತದೆ. ಕಾರಣ ಲೆಕ್ಕದಲ್ಲಿದೆ. ಆ ಸೆಟಪ್ ಖಾಲಿ ಜಾಗವನ್ನು 32 ಬಿಟ್ ಸಂಖ್ಯೆಯಲ್ಲಿ ಇಟ್ಟುಕೊಳ್ಳುತ್ತದೆ. 32 ಬಿಟ್‌ನಲ್ಲಿ 4 ಜಿಬಿ ಆದ ಕೂಡಲೇ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ, ಮೇಲಾಗಿ 2 ಜಿಬಿ ದಾಟಿದ್ದನ್ನು ಮೈನಸ್ ಅಂತ ಓದುತ್ತದೆ. ಅಂದರೆ ನಿಮ್ಮಲ್ಲಿ 401 ಜಿಬಿ ಖಾಲಿ ಇದ್ದರೆ ಅದಕ್ಕೆ ಕಾಣುವುದು 1 ಜಿಬಿ, ಇನ್‌ಸ್ಟಾಲ್ ಆಗುತ್ತದೆ. 403 ಜಿಬಿ ಖಾಲಿ ಇದ್ದರೆ ಕಾಣುವುದು ಮೈನಸ್ 1 ಜಿಬಿ, ಆಗಲ್ಲ. ಜಾಗ ಜಾಸ್ತಿ ಇದ್ದದ್ದಕ್ಕೇ ಸಾಲದು ಅಂದಂತಾಯಿತು! ಒಂದು 2 ಜಿಬಿ ಫೈಲನ್ನು ಆ ಡ್ರೈವ್‌ಗೆ ಕಾಪಿ ಮಾಡಿ ಮತ್ತೆ ಸೆಟಪ್ ಓಡಿಸಿ, ಹಲವು ಸಲ ಅಷ್ಟಕ್ಕೇ ದಾರಿ ಬಿಡುತ್ತದೆ. ಅಚ್ಚುಕಟ್ಟಾಗಿ ಮಾಡಬೇಕು ಅಂದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ 2 ಜಿಬಿಗಿಂತ ಕಡಿಮೆಯ ಒಂದು ವರ್ಚುವಲ್ ಹಾರ್ಡ್ ಡಿಸ್ಕ್ ಮಾಡಿ, ಅದರೊಳಗೆ ಹಾಕಿ. ರ್‍ಯಾಮ್ ಸಾಲದು ಅನ್ನುವ ಮೆಸೇಜ್ ಹಿಂದೆಯೂ ಹೆಚ್ಚಾಗಿ ಇಂಥದ್ದೇ ಲೆಕ್ಕ ಇರುತ್ತದೆ.

ಎಲ್ಲಿ ಇನ್‌ಸ್ಟಾಲ್ ಮಾಡುತ್ತೀರಿ ಅನ್ನುವುದೂ ಮುಖ್ಯ. ಪ್ರೋಗ್ರಾಂ ಫೈಲ್ಸ್ ಬೇಡ. ಹಳೆ ಗೇಮ್‌ಗಳು ಸೇವ್, ಸೆಟ್ಟಿಂಗ್ ಎಲ್ಲವನ್ನೂ ತಮ್ಮದೇ ಫೋಲ್ಡರ್‌ನಲ್ಲಿ ಬರೆಯುತ್ತವೆ. ವಿಸ್ತಾದಿಂದ ಈಚೆಗೆ ವಿಂಡೋಸ್ ಅಲ್ಲಿ ಬರೆಯಲು ಬಿಡಲ್ಲ. ಬಿಟ್ಟಂತೆ ಮಾಡಿ, ಫೈಲನ್ನು ನಿಮ್ಮ ಯೂಸರ್ ಫೋಲ್ಡರ್ ಒಳಗಿನ ವರ್ಚುವಲ್‌ಸ್ಟೋರ್‌ಗೆ ತಿರುಗಿಸುತ್ತದೆ. ಸೇವ್ ಮಾಡಿದ ಆಟ ಕಾಣೆಯಾಯಿತು, ಪ್ಯಾಚ್ (ಗೇಮ್‌ನ ತಪ್ಪು ಸರಿಪಡಿಸುವ ಫೈಲ್) ಹಾಕಿದರೂ ಏನೂ ಬದಲಾಗಲಿಲ್ಲ ಅನ್ನುವ ದೂರುಗಳಲ್ಲಿ ಬಹಳಷ್ಟು ಇಲ್ಲೇ ಮುಗಿಯುತ್ತವೆ. ಸಿ ಡ್ರೈವ್‌ನಲ್ಲಿ ನೇರವಾಗಿ ಗೇಮ್ಸ್ ಅಂತ ಫೋಲ್ಡರ್ ಮಾಡಿ, ಎಲ್ಲವನ್ನೂ ಅಲ್ಲೇ ಇಡಿ. ಹೆಸರಿನಲ್ಲಿ ಖಾಲಿ ಜಾಗ ಬೇಡ.

ಸಿಡಿ ಹಾಕಿ ಅಂತ ಕೇಳುತ್ತಲೇ ಇದ್ದರೆ

ಅಸಲಿ ಸಿಡಿ ಡ್ರೈವ್‌ನಲ್ಲೇ ಇದೆ, ಆದರೂ ಗೇಮ್ ಸಿಡಿ ಹಾಕಿ ಅನ್ನುತ್ತದೆ, ಅಥವಾ ಏನೂ ಹೇಳದೆ ಮುಚ್ಚಿಕೊಳ್ಳುತ್ತದೆ. ಸೇಫ್‌ಡಿಸ್ಕ್, ಸೆಕ್ಯುರಾಮ್ ಅನ್ನುವ ನಕಲು ತಡೆಗಳ ಪರಿಣಾಮ ಇದು. ಸೇಫ್‌ಡಿಸ್ಕ್ ಕೆಲಸ ಮಾಡುವುದಕ್ಕೆ ವಿಂಡೋಸ್ ಒಳಗೆ ಒಂದು ಡ್ರೈವರ್ ಬೇಕು. 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ಅದನ್ನು ಇಡಲೇ ಇಲ್ಲ. ಅದೇ ವರ್ಷ ಸೆಪ್ಟೆಂಬರ್‌ನ ಭದ್ರತಾ ಅಪ್‌ಡೇಟ್ ವಿಸ್ತಾ, 7 ಮತ್ತು 8ರಲ್ಲೂ ಅದನ್ನು ನಿಲ್ಲಿಸಿತು. ಆ ಡ್ರೈವರ್‌ನಲ್ಲಿ ಇದ್ದ ದೋಷ ಬಳಸಿ ಯಾರಾದರೂ ಇಡೀ ಕಂಪ್ಯೂಟರ್ ಕೈಗೆ ತೆಗೆದುಕೊಳ್ಳಬಹುದಿತ್ತು, ಆದ್ದರಿಂದ ಅದನ್ನು ಹೇಗಾದರೂ ವಾಪಸ್ ಹಾಕುವ ದಾರಿ ಹುಡುಕಬೇಡಿ. ಗೇಮ್ ಮಾಡಿದವರೇ ಕೊನೆಯ ಪ್ಯಾಚ್‌ನಲ್ಲಿ ಸಿಡಿ ತಪಾಸಣೆ ತೆಗೆದಿರುವುದುಂಟು, ಮೊದಲು ಅದನ್ನು ನೋಡಿ. ಇಲ್ಲವಾದರೆ ಜಿಒಜಿಯಂಥ ಗೇಮ್ ಮಾರುವ ಸೈಟ್‌ಗಳಲ್ಲಿ ಅದೇ ಗೇಮ್ ತಡೆ ಇಲ್ಲದೆ ಸಿಗುತ್ತದಾ ಅಂತ ನೋಡಿ. ದುಡ್ಡು ಕೊಟ್ಟು ಕೊಂಡ ಸಿಡಿ ಕೈಯಲ್ಲಿದ್ದೂ ಮತ್ತೆ ಕೊಳ್ಳಬೇಕು ಅನ್ನುವುದು ನನಗೆ ಈಗಲೂ ಅನ್ಯಾಯ ಅನಿಸುತ್ತದೆ. ಆದರೂ ಗುರುತಿಲ್ಲದ ಕಡೆಯಿಂದ ಕ್ರ್ಯಾಕ್ ಮಾಡಿದ (ನಕಲು ತಡೆ ಮುರಿದ) ಇಎಕ್ಸ್‌ಇ ತರುವುದಕ್ಕಿಂತ ಅದೇ ವಾಸಿ.

ಶುರುವಾಗುವ ಮೊದಲೇ ಸತ್ತರೆ

ಏನೂ ಹೇಳದೆ ಸಾಯುವ ಗೇಮ್ ಕೂಡ ವಿಂಡೋಸ್‌ಗೆ ಹೇಳಿಯೇ ಸತ್ತಿರುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಇವೆಂಟ್ ವ್ಯೂವರ್ ಅಂತ ಹುಡುಕಿ ತೆರೆಯಿರಿ, ವಿಂಡೋಸ್ ಲಾಗ್ಸ್ ಕೆಳಗೆ ಅಪ್ಲಿಕೇಶನ್. ಮೇಲಿನ ಕೆಂಪು ಗುರುತಿನ ಸಾಲಿನಲ್ಲಿ ಗೇಮ್ ಹೆಸರಿದ್ದರೆ ಕ್ಲಿಕ್ ಮಾಡಿ. ನಿಮಗೆ ಬೇಕಾದ್ದು ಎರಡು: ಫಾಲ್ಟಿಂಗ್ ಮಾಡ್ಯೂಲ್ ಅನ್ನುವ ಸಾಲಿನ ಫೈಲ್ ಹೆಸರು, ಮತ್ತು ಎಕ್ಸೆಪ್ಶನ್ ಕೋಡ್. ಮಾಡ್ಯೂಲ್ ಹೆಸರು ಡಿಡ್ರಾ ಅಥವಾ ಡಿ3ಡಿಯಿಂದ ಶುರುವಾದರೆ ಚಿತ್ರದ ಕಡೆ ನೋಡಿ. ಡಿಸೌಂಡ್ ಇದ್ದರೆ ಸದ್ದಿನ ಕಡೆ. ಗೇಮ್‌ನದೇ ಹೆಸರಿದ್ದು ಕೋಡ್ ಸಿ0000005 ಆಗಿದ್ದರೆ, ಗೇಮ್ ತನ್ನದಲ್ಲದ ಮೆಮೊರಿಗೆ ಕೈ ಹಾಕಿದೆ ಅಂತ ಅರ್ಥ. ಇದಕ್ಕೆ ಕಾರಣ ಏನು ಬೇಕಾದರೂ ಇರಬಹುದು.

ಕೆಲವು ಸಲ ಗೇಮ್ ಶುರುವಾಗುವ ಬದಲು ಕೋಡ್ ಇರುವ ಒಂದು ಪೆಟ್ಟಿಗೆ ಬರುತ್ತದೆ. ಸಿ0000135 ಅಂದರೆ ಬೇಕಾದ ಡಿಎಲ್‌ಎಲ್ ಇಲ್ಲ. ಸಿ000007ಬಿ ಅಂದರೆ ಹೆಚ್ಚಾಗಿ 32 ಬಿಟ್ ಗೇಮ್‌ಗೆ 64 ಬಿಟ್ ಡಿಎಲ್‌ಎಲ್ ಸಿಕ್ಕಿದೆ. ನೆಟ್‌ನಿಂದ ಬಿಡಿ ಡಿಎಲ್‌ಎಲ್ ತಂದು ಹಾಕಿದವರಿಗೆ ಬರುವುದು ಇದೇ. ಡಿ3ಡಿಎಕ್ಸ್9 ಅಂತ ಶುರುವಾಗಿ ಕೊನೆಗೆ 24ರಿಂದ 43ರ ವರೆಗಿನ ಯಾವುದೋ ಸಂಖ್ಯೆ ಇರುವ ಫೈಲ್ ಇಲ್ಲ ಅಂದರೆ, ಮೈಕ್ರೋಸಾಫ್ಟ್‌ನ ಜೂನ್ 2010ರ ಡೈರೆಕ್ಟ್‌ಎಕ್ಸ್ (ಗೇಮ್‌ಗಳ ಚಿತ್ರ, ಸದ್ದು ನೋಡಿಕೊಳ್ಳುವ ವಿಂಡೋಸ್ ಭಾಗ) ರನ್‌ಟೈಮ್ ಹಾಕಿ. ಹೊಸ ಡೈರೆಕ್ಟ್‌ಎಕ್ಸ್ 12 ಇದೆಯಲ್ಲ ಅಂತ ಕೇಳಬಹುದು. ಇದ್ದರೂ ಈ ಹಳೆ ಫೈಲ್‌ಗಳು ಅದರ ಜೊತೆ ಬರುವುದಿಲ್ಲ. ಎಂಎಸ್‌ವಿಸಿ ಅಂತ ಶುರುವಾಗುವ ಫೈಲ್ ಕೇಳಿದರೆ ವಿಷುವಲ್ ಸಿ++ ರನ್‌ಟೈಮ್ ಬೇಕು, ನಿಮ್ಮ ವಿಂಡೋಸ್ 64 ಬಿಟ್ ಆಗಿದ್ದರೂ ಗೇಮ್ 32 ಬಿಟ್ ಆದ್ದರಿಂದ ಎಕ್ಸ್86 ಅಂತ ಬರೆದಿರುವುದನ್ನೇ ಹಾಕಿ. ಡೈರೆಕ್ಟ್‌ಪ್ಲೇ (ಹಳೆ ಗೇಮ್‌ಗಳು ನೆಟ್‌ವರ್ಕ್ ಆಟಕ್ಕೆ ಬಳಸುತ್ತಿದ್ದ ಭಾಗ) ಬೇಕು ಅಂದರೆ ವಿಂಡೋಸ್ ಫೀಚರ್ಸ್‌ನಲ್ಲಿ ಲೆಗಸಿ ಕಾಂಪೊನೆಂಟ್ಸ್ ಕೆಳಗೆ ಅದು ಇದೆ, ಟಿಕ್ ಮಾಡಿದರೆ ಸಾಕು.

ಶುರುವಿನ ವಿಡಿಯೋ ಬರುವಾಗಲೇ ಬೀಳುತ್ತಿದ್ದರೆ ಆ ವಿಡಿಯೋ ಫೈಲ್‌ನ ಹೆಸರು ಬದಲಿಸಿ ನೋಡಿ. ಎಷ್ಟೋ ಗೇಮ್‌ಗಳು ಅದು ಸಿಗದಿದ್ದರೆ ಸುಮ್ನೆ ದಾಟಿ ಮೆನುಗೆ ಹೋಗುತ್ತವೆ.

ಕ್ವೇಕ್ ಎಂಜಿನ್ (ಕ್ವೇಕ್ ಅನ್ನುವ ಶೂಟಿಂಗ್ ಗೇಮ್‌ನ ಮೂಲ ಪ್ರೋಗ್ರಾಂ) ಮೇಲೆ ಮಾಡಿದ ಗೇಮ್‌ಗಳದ್ದು ಬೇರೆ ಕತೆ. ಓಪನ್‌ಜಿಎಲ್ (3ಡಿ ಚಿತ್ರ ಬಿಡಿಸುವ ಒಂದು ವಿಧಾನ) ಬಳಸುವ ಇಂಥ ಗೇಮ್ ಶುರುವಾಗುವಾಗ ಗ್ರಾಫಿಕ್ಸ್ ಡ್ರೈವರನ್ನು ನಿನಗೆ ಏನೇನು ಬರುತ್ತದೆ ಅಂತ ಕೇಳುತ್ತದೆ. ಆ ಕಾಲದಲ್ಲಿ ಉತ್ತರ ಚಿಕ್ಕದಿತ್ತು, ಅಷ್ಟಕ್ಕೇ ಜಾಗ ಇಟ್ಟಿದ್ದರು. ಈಗಿನ ಡ್ರೈವರ್ ಕೊಡುವ ಪಟ್ಟಿ ಎಷ್ಟೋ ಪಟ್ಟು ಉದ್ದ, ಅದು ಜಾಗ ಮೀರಿ ಚೆಲ್ಲಿ ಗೇಮ್ ಬೀಳುತ್ತದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಕೆಲವು ಆವೃತ್ತಿಗಳಲ್ಲಿ ಎಕ್ಸ್‌ಟೆನ್ಶನ್ ಲಿಮಿಟ್ ಅಂತ ಇರುವ ಸೆಟ್ಟಿಂಗ್ ಇದಕ್ಕಾಗಿಯೇ ಇದೆ.

ಓಡುತ್ತದೆ, ಚಿತ್ರ ಸರಿ ಇಲ್ಲ

ನೀರು ನೇರಳೆ, ಹುಲ್ಲು ಗುಲಾಬಿ, ಮುಖಗಳು ಹಸಿರು. 256 ಬಣ್ಣದ ಗೇಮ್‌ಗಳಲ್ಲಿ ಇದು ಹೆಸರುವಾಸಿ ತೊಂದರೆ. ವಿಸ್ತಾ ಮತ್ತು 7ರಲ್ಲಿ ಸ್ಟಾರ್‌ಕ್ರಾಫ್ಟ್, ಏಜ್ ಆಫ್ ಎಂಪೈರ್ಸ್ 2 ಆಡಿದವರಿಗೆ ಚೆನ್ನಾಗಿ ಗೊತ್ತು. ಗೇಮ್ ತನ್ನ 256 ಬಣ್ಣಗಳ ಪಟ್ಟಿಯನ್ನು ವಿಂಡೋಸ್‌ಗೆ ಕೊಡುತ್ತದೆ, ಡೆಸ್ಕ್‌ಟಾಪ್ ನಡೆಸುವ ಎಕ್ಸ್‌ಪ್ಲೋರರ್ ಮಧ್ಯದಲ್ಲಿ ಬಂದು ಆ ಪಟ್ಟಿಯಲ್ಲಿ ತನಗೆ ಬೇಕಾದ್ದನ್ನು ಬದಲಿಸುತ್ತದೆ. ಆಗೆಲ್ಲ ಟಾಸ್ಕ್ ಮ್ಯಾನೇಜರ್‌ನಲ್ಲಿ ಎಕ್ಸ್‌ಪ್ಲೋರರ್ ಮುಚ್ಚಿ ಆಡುತ್ತಿದ್ದರು. ಈಗ ಅದು ಬೇಕಿಲ್ಲ.

ಈಗಿನ ಮದ್ದು ರ್‍ಯಾಪರ್. ಗೇಮ್ ಹಳೆ ಡೈರೆಕ್ಟ್‌ಡ್ರಾ ಭಾಷೆಯಲ್ಲಿ ಕೇಳಿದ್ದನ್ನು ಹೊಸ ಗ್ರಾಫಿಕ್ಸ್ ಕಾರ್ಡ್‌ಗೆ ಅರ್ಥವಾಗುವಂತೆ ಹೇಳುವ ದುಭಾಷಿ ಅಂತ ಇಟ್ಟುಕೊಳ್ಳಿ. ಪ್ರೋಗ್ರಾಂ ಡಿಎಲ್‌ಎಲ್ ಹುಡುಕುವಾಗ ವಿಂಡೋಸ್ ಮೊದಲು ನೋಡುವುದು ಇಎಕ್ಸ್‌ಇ ಇರುವ ಫೋಲ್ಡರನ್ನು. ಆದ್ದರಿಂದ ರ್‍ಯಾಪರ್‌ನ ಡಿಡ್ರಾ ಫೈಲನ್ನು ಇಎಕ್ಸ್‌ಇ ಪಕ್ಕದಲ್ಲಿ ಇಟ್ಟರೆ ಗೇಮ್ ಅದನ್ನೇ ಎತ್ತಿಕೊಳ್ಳುತ್ತದೆ. ಸಿಸ್ಟಂ32 ಒಳಗೆ ಮಾತ್ರ ಯಾವತ್ತೂ ಹಾಕಬೇಡಿ. 2ಡಿ ಗೇಮ್ ಆದರೆ ನಾನು ಮೊದಲು ಹಾಕಿ ನೋಡುವುದು ಸಿಎನ್‌ಸಿ-ಡಿಡ್ರಾ, ಅದರಲ್ಲಿ ಆಗದಿದ್ದರೆ ಡಿಡ್ರಾಕಂಪ್ಯಾಟ್. 3ಡಿ ಗೇಮ್‌ಗೆ ಡಿಜಿವೂಡೂ 2. ಇದು ಡೈರೆಕ್ಟ್‌ಎಕ್ಸ್ 9ರ ವರೆಗಿನ ಕರೆಗಳನ್ನೂ, 3ಡಿಎಫ್‌ಎಕ್ಸ್ ವೂಡೂ ಕಾರ್ಡ್‌ಗಳ ಗ್ಲೈಡ್ ಕರೆಗಳನ್ನೂ ಡೈರೆಕ್ಟ್3ಡಿ 11 ಅಥವಾ 12ಕ್ಕೆ ಬದಲಿಸುತ್ತದೆ. ಅದರ ಪ್ಯಾಕೇಜ್‌ನಲ್ಲಿ ಎಂಎಸ್ ಅಂತ ಒಂದು ಫೋಲ್ಡರ್, ಒಳಗೆ ಎಕ್ಸ್86, ಎಕ್ಸ್64 ಅಂತ ಫೋಲ್ಡರ್‌ಗಳು ಇರುತ್ತವೆ. ಹಳೆ ಗೇಮ್‌ಗೆ ಬೇಕಾದ್ದು ಎಕ್ಸ್86. ಎರಡು ರ್‍ಯಾಪರ್ ಒಟ್ಟಿಗೆ ಹಾಕಬೇಡಿ. ಒಂದನ್ನು ತೆಗೆದ ಮೇಲೇ ಇನ್ನೊಂದು.

ಮೌಸ್ ಒಂದು ಕಡೆ, ಕ್ಲಿಕ್ ಆಗುವುದು ಇನ್ನೊಂದು ಕಡೆ, ಅಥವಾ ಚಿತ್ರದ ಮೂಲೆ ಮಾತ್ರ ಕಾಣುತ್ತದೆ ಅಂದರೆ ಡಿಪಿಐ ಸ್ಕೇಲಿಂಗ್ (ಪರದೆಯ ಮೇಲಿನದ್ದನ್ನು ವಿಂಡೋಸ್ ಹಿಗ್ಗಿಸಿ ತೋರಿಸುವುದು) ಕಾರಣ. ಆ ಕಂಪ್ಯಾಟಿಬಿಲಿಟಿ ಟ್ಯಾಬ್ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಹೈ ಡಿಪಿಐ ಸೆಟ್ಟಿಂಗ್‌ನಲ್ಲಿ ಸ್ಕೇಲಿಂಗನ್ನು ಅಪ್ಲಿಕೇಶನ್‌ಗೇ ಬಿಡಿ.

ಮೆನು ಸರಿ, ಆಟ ಮಾತ್ರ ವಿಚಿತ್ರ

ಗಾಡಿ ತಾನೇ ಜಾರುತ್ತದೆ, ಬಾಗಿಲು ತೆಗೆಯಲು ಆಗಲ್ಲ, ಜನ ಓಡಾಡುವ ಬದಲು ಹಾರುತ್ತಾರೆ. ಇಂಥವು ಬಹುತೇಕ ಫ್ರೇಮ್ ರೇಟ್ ಸಮಸ್ಯೆ. ಗೇಮ್ ಸೆಕೆಂಡಿಗೆ 30 ಫ್ರೇಮ್ ಅಂದುಕೊಂಡು ಲೆಕ್ಕ ಹಾಕಿದೆ, ನಿಮ್ಮ ಕಾರ್ಡ್ 300 ಕೊಡುತ್ತಿದೆ. ರ್‍ಯಾಪರ್‌ನಲ್ಲೋ ಗ್ರಾಫಿಕ್ಸ್ ಡ್ರೈವರ್‌ನಲ್ಲೋ 60ಕ್ಕೆ ಕಟ್ಟಿಹಾಕಿ, ಸಾಲದಿದ್ದರೆ 30ಕ್ಕೆ. ಆಗಾಗ ತಡವರಿಸುವ, ಮುಂದೆ ಹಿಂದೆ ಜಿಗಿಯುವ ಗೇಮ್ ಆದರೆ ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಟ್ಯಾಬ್‌ನಲ್ಲಿ ಅಫಿನಿಟಿ ಸೆಟ್ ಮಾಡಿ ಪ್ರೊಸೆಸರ್‌ನ ಒಂದೇ ಕೋರ್‌ಗೆ ಕೂರಿಸಿ ನೋಡಿ.

ಸಂಗೀತ ಇಲ್ಲ, ಉಳಿದ ಸದ್ದೆಲ್ಲ ಇದೆ ಅಂದರೆ ಸಿಡಿಯನ್ನು ಐಎಸ್ಒ (ಸಿಡಿಯ ಪ್ರತಿ ಇರುವ ಒಂದೇ ಫೈಲ್) ಮಾಡಿಕೊಂಡಿದ್ದೀರಾ ಅಂತ ನೋಡಿ. 90ರ ದಶಕದ ಎಷ್ಟೋ ಗೇಮ್‌ಗಳಲ್ಲಿ ಸಂಗೀತ ಇದ್ದದ್ದು ಅದೇ ಸಿಡಿಯಲ್ಲಿ, ಸಾಮಾನ್ಯ ಆಡಿಯೋ ಸಿಡಿಯ ಹಾಡುಗಳ ಹಾಗೆ. ಐಎಸ್ಒ ಫೈಲ್‌ನಲ್ಲಿ ಡೇಟಾ ಟ್ರ್ಯಾಕ್ ಮಾತ್ರ ಬರುತ್ತದೆ, ಹಾಡುಗಳು ಬಿಟ್ಟುಹೋಗುತ್ತವೆ. ಸಿಡಿಯ ಪ್ರತಿಯನ್ನು ಬಿನ್ ಮತ್ತು ಕ್ಯೂ ಅನ್ನುವ ಫೈಲ್‌ಗಳ ಜೋಡಿಯಾಗಿ ಮತ್ತೆ ತೆಗೆಯಿರಿ. ಸಿಡಿ ಇನ್ನೂ ಓದುವ ಸ್ಥಿತಿಯಲ್ಲಿದ್ದರೆ ಇವತ್ತೇ ಮಾಡಿ.

ಇನ್ನು ಕೆಲವು ದೋಷಗಳು ಗೇಮ್ ಒಳಗೇ ಇದ್ದು ಎಷ್ಟೋ ವರ್ಷ ಕಾಣದೆ ಕೂತಿರುತ್ತವೆ. ಜಿಟಿಎ ಸ್ಯಾನ್ ಆಂಡ್ರಿಯಾಸ್‌ನ ಸ್ಕಿಮ್ಮರ್ ವಿಮಾನ ನೋಡಿ. ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ. ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಹಾಕಿದ ಮೇಲೆ ಅದು ಆಟದಿಂದಲೇ ಮಾಯವಾಯಿತು. ಎಲ್ಲರೂ ಬೈದದ್ದು ಅಪ್‌ಡೇಟನ್ನು. ಹುಡುಕಿ ನೋಡಿದರೆ ಸಿಕ್ಕಿದ್ದು ಬೇರೆ. ವಾಹನಗಳ ವಿವರ ಇರುವ ಫೈಲ್‌ನಲ್ಲಿ ಈ ವಿಮಾನದ ಸಾಲಿನಲ್ಲಿ ಚಕ್ರದ ಅಳತೆ ಬರೆದೇ ಇಲ್ಲ. ಅಳತೆ ಸಿಗದಿದ್ದಾಗ ಗೇಮ್, ಮೆಮೊರಿಯ ಆ ಜಾಗದಲ್ಲಿ ಉಳಿದುಕೊಂಡ ಹಳೆ ಸಂಖ್ಯೆಯನ್ನೇ ಬಳಸುತ್ತಿತ್ತು. ಸುಮಾರು 20 ವರ್ಷ ಅಲ್ಲಿ ಉಳಿಯುತ್ತಿದ್ದದ್ದು ಹಿಂದಿನ ಸಾಲಿನ ವಾಹನದ ಅಳತೆ, ಹಾಗಾಗಿ ಯಾರಿಗೂ ತೊಂದರೆ ಗೊತ್ತಾಗಲಿಲ್ಲ. 24ಎಚ್2ನಲ್ಲಿ ವಿಂಡೋಸ್ ಒಳಗಿನ ಒಂದು ಕೆಲಸ ಆ ಜಾಗದ ಮೇಲೆ ಬರೆಯತೊಡಗಿತು, ಅಳತೆ ಅಸಂಬದ್ಧವಾಯಿತು. ಸೈಲೆಂಟ್‌ಪ್ಯಾಚ್ ಅನ್ನುವ ಅಭಿಮಾನಿ ಪ್ಯಾಚ್‌ನಲ್ಲಿ ಇದಕ್ಕೆ ಪರಿಹಾರ ಇದೆ. ಇಂಥದ್ದು ಯಾವ ಚೌಕಕ್ಕೆ ಟಿಕ್ ಹಾಕಿದರೂ ಸರಿಯಾಗಲ್ಲ. ಆ ಗೇಮ್‌ಗೆ ಅಂತಲೇ ಯಾರೋ ಕೂತು ಮಾಡಿದ ಪ್ಯಾಚ್ ಇದೆಯಾ ಅಂತ ಹುಡುಕಬೇಕು.

ಇಷ್ಟೆಲ್ಲ ಮಾಡಿದರೂ ಆಗದಿದ್ದರೆ

ಮೂಲ ಇಎಕ್ಸ್‌ಇಯನ್ನೇ ಬಿಟ್ಟುಬಿಡುವ ದಾರಿ ಇದೆ. ಡೂಮ್‌ನ ಸೋರ್ಸ್ ಕೋಡ್ (ಪ್ರೋಗ್ರಾಮರ್ ಬರೆದ ಮೂಲ) 1997ರಲ್ಲೂ, ಕ್ವೇಕ್‌ನದು 1999ರಲ್ಲೂ ಬಿಡುಗಡೆಯಾಯಿತು. ಅದರಿಂದ ಜಿಜೆಡ್‌ಡೂಮ್‌ನಂಥ ಹೊಸ ಎಂಜಿನ್‌ಗಳು ಬಂದವು. ಪಾಯಿಂಟ್ ಆ್ಯಂಡ್ ಕ್ಲಿಕ್ ಸಾಹಸ ಗೇಮ್ ಆದರೆ ಮೊದಲು ಸ್ಕಮ್‌ವಿಎಂ ಅನ್ನುವ ಎಂಜಿನ್‌ನ ಪಟ್ಟಿಯಲ್ಲಿ ಇದೆಯಾ ನೋಡಿ, ಮಾರೋವಿಂಡ್‌ಗೆ ಓಪನ್‌ಎಂಡಬ್ಲ್ಯು, ರೋಲರ್‌ಕೋಸ್ಟರ್ ಟೈಕೂನ್ 2ಕ್ಕೆ ಓಪನ್‌ಆರ್‌ಸಿಟಿ2. ನಿಮ್ಮ ಸಿಡಿಯಲ್ಲಿರುವ ಚಿತ್ರ, ಸದ್ದು, ನಕ್ಷೆಗಳ ಫೈಲ್ ಮಾತ್ರ ಇದಕ್ಕೆ ಬೇಕು. ನನ್ನ ಕೇಳಿದರೆ, ಇಂಥ ಎಂಜಿನ್ ಇರುವ ಗೇಮ್‌ಗೆ ಮೇಲೆ ಹೇಳಿದ ಯಾವುದಕ್ಕೂ ಸಮಯ ಹಾಕಬೇಡಿ, ನೇರ ಇದಕ್ಕೇ ಬನ್ನಿ.

ಅದೂ ಇಲ್ಲ ಅಂದರೆ 86ಬಾಕ್ಸ್. ಇದು ಮದರ್‌ಬೋರ್ಡ್, ಸೌಂಡ್ ಕಾರ್ಡ್, ವೂಡೂ ಕಾರ್ಡ್ ಸಮೇತ ಇಡೀ ಹಳೆ ಪಿಸಿಯನ್ನೇ ಎಮ್ಯುಲೇಟ್ ಮಾಡುತ್ತದೆ, ಮೇಲೆ ವಿಂಡೋಸ್ 98 ಹಾಕಿಕೊಳ್ಳಬೇಕು. ಅದಕ್ಕೆ ರ್‍ಯಾಮ್ 512 ಎಂಬಿ ದಾಟಿಸಬೇಡಿ, ವಿಂಡೋಸ್ 98 ಅದಕ್ಕಿಂತ ಜಾಸ್ತಿ ಕಂಡರೆ ಗಲಿಬಿಲಿಯಾಗುತ್ತದೆ. ಒಳ್ಳೆ ಪ್ರೊಸೆಸರ್ ಬೇಕು, ಹೊಂದಿಸುವುದಕ್ಕೂ ಸಮಯ ಬೇಕು. ಲಿನಕ್ಸ್ ಇದ್ದವರು ಮೊದಲು ವೈನ್‌ನಲ್ಲಿ (ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್ ಮೇಲೆ ಓಡಿಸುವ ಟೂಲ್) ನೋಡಿ. ವಿಂಡೋಸ್‌ನಲ್ಲೇ ಓಡದ ಕೆಲವು ಹಳೆ ಗೇಮ್‌ಗಳು ಅಲ್ಲಿ ತಕರಾರಿಲ್ಲದೆ ಓಡುತ್ತವೆ.

ಗೇಮ್ ಓಡಿತು ಅಂದ ಕೂಡಲೇ ಆಡಲು ಕೂರುವ ಮೊದಲು ಇನ್ನೊಂದು ಕೆಲಸ ಮಾಡಿ. ಇಡೀ ಫೋಲ್ಡರನ್ನು ರ್‍ಯಾಪರ್, ಪ್ಯಾಚ್, ಕಾನ್ಫಿಗ್ ಸಮೇತ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಜೊತೆಗೆ ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಯಾವ ರ್‍ಯಾಪರ್, ಯಾವ ಆವೃತ್ತಿ, ಏನು ಬದಲಿಸಿದಿರಿ ಅಂತ ನಾಲ್ಕು ಸಾಲು ಬರೆದಿಡಿ. ಮುಂದಿನ ವಿಂಡೋಸ್ ಅಪ್‌ಡೇಟ್ ಬಂದು ಗೇಮ್ ಮತ್ತೆ ನಿಂತರೆ ಹುಡುಕಾಟ ಆ ನಾಲ್ಕು ಸಾಲಿನಿಂದ ಶುರುವಾಗುತ್ತದೆ.